ಏರಿಗೆ ತಕ್ಕ ಹಲ್ಲು

ಸೋಲದೇವನಹಳ್ಳಿಯಿಂದ ಹೆಸರಘಟ್ಟದ ಕಡೆಗೆ ಖಾಲಿ ಸೈಕಲ್ ತುಳಿಯುವವರಿಗೆ ಗೇರಿನ ಚಿಂತೆ ಅಷ್ಟಿಲ್ಲ. ಅದೇ ಸೈಕಲ್ಲಿಗೆ ಬಟ್ಟೆಬರೆ, ಟೆಂಟು ಕಟ್ಟಿಕೊಂಡು 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೋ, ಸೋಮೇಶ್ವರದಿಂದ ಆಗುಂಬೆ ಘಾಟಿಗೋ ಹೊರಟರೆ ಲೆಕ್ಕವೇ ಬೇರೆ. ಅನೇಕ ರೋಡ್ ಬೈಕುಗಳಲ್ಲಿ ಪೆಡಲು ಜೋಡಿಸಿರುವ ಕ್ರ್ಯಾಂಕಿನಲ್ಲಿ 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗ್ ಇರುತ್ತವೆ. ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ಟಿನ ದೊಡ್ಡ ಚಕ್ರಕ್ಕೆ 28 ಹಲ್ಲು. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್ ಎಂದುಕೊಂಡರೆ, ಅತಿ ಹಗುರ ಗೇರಿನಲ್ಲೂ ಪೆಡಲಿನ ಒಂದು ಸುತ್ತಿಗೆ ಸೈಕಲ್ 2.55 ಮೀಟರ್ ಸಾಗಲೇಬೇಕು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಹೊರೆ ಹೊತ್ತ ಏರಿನಲ್ಲಿ ಅಷ್ಟು ವೇಗ ಕಾಯ್ದುಕೊಳ್ಳಲಾಗದೆ ತುಳಿತ ನಿಧಾನವಾಗುತ್ತದೆ, ಒತ್ತಡವೆಲ್ಲ ಮಂಡಿಗೆ ಬೀಳುತ್ತದೆ. ಮುಂದೆ 48, 36, 26 ಹಲ್ಲಿನ ಮೂರು ರಿಂಗ್, ಹಿಂದೆ 11ರಿಂದ 34 ಇದ್ದರೆ ಒಂದು ಸುತ್ತಿಗೆ 1.6 ಮೀಟರ್ ಸಾಕು. ಗಂಟೆಗೆ 6 ಕಿ.ಮೀ.ಗಿಂತ ಕಡಿಮೆ ವೇಗದಲ್ಲೂ ಕಾಲು ಸರಾಗ ತಿರುಗುತ್ತದೆ.

ಮೂರು ರಿಂಗ್ ಹಳೇ ಕಾಲದ್ದು, ಭಾರ ಜಾಸ್ತಿ ಎನ್ನುವವರಿದ್ದಾರೆ. ಭಾರ ಜಾಸ್ತಿಯೇನೋ ಹೌದು, ಆದರೆ ಹದಿನೈದು ಕಿಲೋ ಸಾಮಾನು ಹೇರಿದ ಮೇಲೆ ಆ ಕೆಲವು ನೂರು ಗ್ರಾಂ ಯಾವ ಲೆಕ್ಕ? ವೇಗಕ್ಕೆ ಕೊರತೆ ಎಂಬ ಮಾತೂ ನಿಲ್ಲುವುದಿಲ್ಲ: 48ಕ್ಕೆ 11 ಜೋಡಿಸಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 49 ಕಿ.ಮೀ. ಮುಂದೆ ಒಂದೇ ರಿಂಗ್ ಇರುವ ಹೊಸ ಪದ್ಧತಿ ಸರಳ, ನಿಜ. ಆದರೆ ಗೇರಿನಿಂದ ಗೇರಿಗೆ ಅಂತರ ದೊಡ್ಡದು, ಅದಕ್ಕೆ ಬೇಕಾದ ಅಗಲ ವ್ಯಾಪ್ತಿಯ ಕ್ಯಾಸೆಟ್ ದುಬಾರಿ. ದೂರದ ಊರಿನಲ್ಲಿ ಚೈನ್ ತುಂಡಾದರೆ ಈ ಪದ್ಧತಿಯಲ್ಲಿ ಸಾಮಾನ್ಯವಾದ 12 ಸ್ಪೀಡಿನದಕ್ಕಿಂತ ಮೂರು ರಿಂಗಿನ ಸೈಕಲ್ಲುಗಳಲ್ಲಿ ಬರುವ 8 ಸ್ಪೀಡಿನದು ಸಿಗುವ ಸಂಭವವೇ ಹೆಚ್ಚು. ಕೊಳ್ಳುವಾಗ ಬ್ರ್ಯಾಂಡಿನ ಹೆಸರು ಕೇಳುವ ಮೊದಲು ಅತಿ ಚಿಕ್ಕ ಚೈನ್‌ರಿಂಗಿನ ಹಲ್ಲು ಎಣಿಸಿ. ಅದು ಹಿಂದಿನ ದೊಡ್ಡ ಚಕ್ರಕ್ಕಿಂತ ಕಡಿಮೆಯಿರಲಿ.