ಭೇದಿ ಆದಾಗ ನೀರು ಯಾಕೆ ಕೊಡಬೇಕು?

ಮಗುವಿಗೆ ಭೇದಿ ಶುರುವಾಗಿದೆ. ಬಾಯಾರಿ ನೀರು ಕೇಳುತ್ತದೆ.

"ಕೊಡಬೇಡ ಕಣೇ, ಕುಡಿದದ್ದೆಲ್ಲ ಹಾಗೇ ಹೋಗುತ್ತೆ" ಅಂತಾರೆ ಅತ್ತೆ. ತಾಯಿ ಲೋಟ ಕೆಳಗಿಡುತ್ತಾಳೆ.

ಅಕ್ಕಂದಿರೇ, ಈ ಮಾತು ಸರಿಯೇ? ತಿಳಿಯೋಣ ಬನ್ನಿ.

ನಾವು ತಿಂದ ಅನ್ನ, ಮುದ್ದೆ ಹೊಟ್ಟೆಯಲ್ಲಿ ಗಂಜಿಯಂತಾಗುತ್ತದೆ. ಅಲ್ಲಿಂದ ಸಣ್ಣ ಕರುಳಿಗೆ ಹೋಗುತ್ತದೆ. ದೊಡ್ಡವರಲ್ಲಿ ಈ ಕರುಳು ಸುಮಾರು 20 ಅಡಿ ಉದ್ದ. ಸುರುಳಿ ಸುತ್ತಿಕೊಂಡು ಹೊಟ್ಟೆಯೊಳಗೆ ಇರುತ್ತದೆ. ಒಳಗಡೆ ಟವೆಲಿನ ಎಳೆಗಳಂತೆ ಸಣ್ಣ ಸಣ್ಣ ಎಳೆಗಳಿವೆ. ಆಹಾರದ ಸಾರ, ಉಪ್ಪು, ನೀರು ಇವುಗಳ ಮೂಲಕ ರಕ್ತಕ್ಕೆ ಸೇರುತ್ತವೆ.

ದಿನಕ್ಕೆ ಸುಮಾರು 8 ಲೀಟರ್ ನೀರು ಕರುಳಿಗೆ ಬರುತ್ತದೆ. "ಅಷ್ಟು ನೀರು ನಾವೆಲ್ಲಿ ಕುಡೀತೀವಿ ಮೇಷ್ಟ್ರೇ?" ಅಂತ ಕೇಳಬಹುದು. ನಾವು ಕುಡಿಯುವುದು ಸ್ವಲ್ಪ. ಉಳಿದದ್ದು ಎಂಜಲು, ಪಿತ್ತ, ಹೊಟ್ಟೆಯ ರಸ. ಕರುಳು ಇದರಲ್ಲಿ ಒಂದು ಲೋಟದಷ್ಟು ಬಿಟ್ಟು ಉಳಿದದ್ದನ್ನೆಲ್ಲ ಹೀರಿಕೊಳ್ಳುತ್ತದೆ.

ಭೇದಿ ಆದಾಗ ಕರುಳು ನೀರನ್ನು ಹೊರಗೆ ಸುರಿಸುತ್ತದೆ. ಜೊತೆಗೆ ಉಪ್ಪೂ ಹೋಗುತ್ತದೆ. ಮಗುವಿನ ಕಣ್ಣು ಗುಳಿ ಬೀಳುತ್ತದೆ. ಮೈ ಸೊರಗುತ್ತದೆ. ನೀರು ಕೊಡದಿದ್ದರೆ ಜೀವಕ್ಕೇ ಅಪಾಯ.

ಆದರೆ ಕರುಳಿನಲ್ಲಿ ಒಂದು ಬಾಗಿಲು ಆಗಲೂ ತೆರೆದಿರುತ್ತದೆ. ಉಪ್ಪು ಮತ್ತು ಸಕ್ಕರೆ ಜೋಡಿ ಎತ್ತಿನಂತೆ ಒಟ್ಟಿಗೆ ಬಂದರೆ ಅವನ್ನು ಒಳಗೆ ಬಿಡುತ್ತದೆ. ಗಾಡಿಯಂತೆ ನೀರೂ ಹಿಂದೆಯೇ ಬರುತ್ತದೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆಯಿತು. ಓಡಿಬಂದ ಜನ ಪಶ್ಚಿಮ ಬಂಗಾಳದ ಶಿಬಿರಗಳಲ್ಲಿದ್ದರು. ಅಲ್ಲಿ ಕಾಲರಾ ಹರಡಿತು. ಸೂಜಿಯಿಂದ ಏರಿಸುವ ಬಾಟಲಿಗಳು ಸಾಲಲಿಲ್ಲ. ಡಾಕ್ಟರ್ ದಿಲೀಪ್ ಮಹಾಲನಬೀಸ್ ಇಂಥ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಅವರ ಶಿಬಿರದಲ್ಲಿ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು.

ಅದೇ ಇಂದಿನ ಓಆರ್‌ಎಸ್. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ.

ಪೊಟ್ಟಣ ಇಲ್ಲವೇ? ಮನೆಯಲ್ಲೇ ಮಾಡಿ:
- ಕುದಿಸಿ ಆರಿಸಿದ ನೀರು 1 ಲೀಟರ್
- ಸಕ್ಕರೆ 6 ಟೀ ಚಮಚ
- ಉಪ್ಪು ಅರ್ಧ ಟೀ ಚಮಚ

ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. ಸಕ್ಕರೆ ಹೆಚ್ಚಾದರೆ ಭೇದಿ ಹೆಚ್ಚುತ್ತದೆ. ಉಪ್ಪು ಹೆಚ್ಚಾದರೆ ಅಪಾಯ. ಗುಟುಕು ಗುಟುಕಾಗಿ ಕುಡಿಸಿ. ಒಂದು ದಿನ ಕಳೆದರೆ ಚೆಲ್ಲಿ, ಹೊಸದು ಮಾಡಿ. ಎದೆಹಾಲು, ಊಟ ನಿಲ್ಲಿಸಬೇಡಿ.

ಮಲದಲ್ಲಿ ರಕ್ತ ಬಂದರೆ, ಮೂತ್ರ ನಿಂತರೆ, ಮಗು ಕುಡಿಯಲಾರದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಮಗು ನುಂಗುವಂತಿದ್ದರೆ ಕುಡಿಸುತ್ತಲೇ ಇರಿ.

ಈ ಪಾಠವನ್ನು ಮನೆಯಲ್ಲಿ ಅತ್ತೆಗೂ ಓದಿ ಹೇಳಿ.