ದುರ್ಬೀನು ಕೊಂಡ ಬಗೆ

ಒಂದು ವರ್ಷ ಜನವರಿ ತಿಂಗಳಿನಲ್ಲಿ ನಾವು ತಾಳವಾಡಿಯಿಂದ ಮಕ್ಕಳನ್ನು ಕರೆದುಕೊಂಡು ಪ್ರವಾಸ ಹೊರಟೆವು. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿಗಳನ್ನು ದಾಟಿ ಅವಿನಾಶಿಯನ್ನು ತಲುಪಿದೆವು. ಅಲ್ಲಿಯ ಅವಿನಾಶಿಲಿಂಗೇಶ್ವರ ದೇವಾಲಯವನ್ನು ನೋಡಿ, ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆಯನ್ನು ತಿಂದು, ನಂಜರಾಯನ್ ಕೆರೆಗೆ ಹೋದೆವು.

ಮಕ್ಕಳೇ, ಈ ಕೆರೆಯು ತಿರುಪ್ಪೂರು ಜಿಲ್ಲೆಯಲ್ಲಿದೆ. ಇದರ ವಿಸ್ತಾರ ಸುಮಾರು 125 ಹೆಕ್ಟೇರು. ಹಿಂದೆ ನಂಜರಾಯನೆಂಬ ಅರಸನು ಇದನ್ನು ದುರಸ್ತಿ ಮಾಡಿಸಿದನೆಂದು ಹೇಳುತ್ತಾರೆ. 2022ರಲ್ಲಿ ತಮಿಳುನಾಡು ಸರ್ಕಾರವು ಇದನ್ನು ಪಕ್ಷಿಧಾಮವೆಂದು ಘೋಷಿಸಿತು. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಇದು ಸೇರಿತು. ಚಳಿಗಾಲದಲ್ಲಿ ದೂರದ ನಾಡುಗಳಿಂದ ಹಕ್ಕಿಗಳು ಇಲ್ಲಿಗೆ ವಲಸೆ ಬರುತ್ತವೆ.

ನಾವು ದಡದಲ್ಲಿ ನಿಂತಾಗ ನೀರಿನ ನಡುವೆ ನೂರಾರು ಹಕ್ಕಿಗಳಿದ್ದವು. ಆದರೆ ಬರಿಗಣ್ಣಿಗೆ ಅವು ಎಳ್ಳು ಚೆಲ್ಲಿದಂತೆ ಕಾಣುತ್ತಿದ್ದವು. ನಾನು ಹೆಮ್ಮೆಯಿಂದ ಚೀಲದೊಳಗಿನ ದುರ್ಬೀನನ್ನು ತೆಗೆದೆ. ಅದನ್ನು ಜಾತ್ರೆಯ ಅಂಗಡಿಯೊಂದರಲ್ಲಿ ಕೊಂಡಿದ್ದೆ. ಮಕ್ಕಳು ಒಂದು ವರ್ಷ ಹುಂಡಿಯಲ್ಲಿ ಕೂಡಿಟ್ಟಿದ್ದ ಹಣ ಅದು. ದುರ್ಬೀನಿನ ಮೇಲೆ ನೂರು ಪಟ್ಟು ಎಂದು ಅಚ್ಚಾಗಿತ್ತು. ಗಾಜುಗಳು ಮಾಣಿಕ್ಯದಂತೆ ಕೆಂಪಗೆ ಹೊಳೆಯುತ್ತಿದ್ದವು. ಅಷ್ಟಕ್ಕೇ ನಾನು ಮರುಳಾಗಿದ್ದೆ.

ಎರಡನೆಯ ತರಗತಿಯ ಪುಟ್ಟ ಹುಡುಗನೊಬ್ಬ ಮೊದಲು ನೋಡಿದ. "ಮೇಷ್ಟ್ರೇ, ಎರಡು ಕೆರೆ ಕಾಣ್ತವೆ" ಎಂದ. ಕನ್ನಡಕ ಹಾಕಿದ್ದ ಐದನೆಯ ತರಗತಿಯ ಹುಡುಗಿಗೆ ನಡುವೆ ಸಣ್ಣದೊಂದು ಬೆಳಕು, ಸುತ್ತಲೂ ಕಪ್ಪು. ಉಳಿದವರಿಗೂ ಎಲ್ಲವೂ ಮಂಜು ಮಂಜು. ಬಸ್ಸಿನಲ್ಲಿ ಹಿಂದಿರುಗುವಾಗ ಯಾವ ಮಗುವೂ ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಮತ್ತೆ ಹುಂಡಿ ತುಂಬಲು ಒಂದು ವರ್ಷ ಹಿಡಿಯಿತು. ಈ ಸಲ ತಪ್ಪಬಾರದೆಂದು ತಿಳಿದವರನ್ನು ಕೇಳಿದೆ, ಪುಸ್ತಕಗಳನ್ನು ಓದಿದೆ. ಆಗ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಒಳ್ಳೆಯ ದುರ್ಬೀನಿನ ಮೇಲೆ 8×25, 10×25, 8×42 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಇದು ಗುಣಾಕಾರದ ಲೆಕ್ಕವಲ್ಲ! ಮೊದಲ ಸಂಖ್ಯೆಯು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದನ್ನು ತಿಳಿಸುತ್ತದೆ. ಎಂಟು ಪಟ್ಟಿನ ದುರ್ಬೀನಿನಲ್ಲಿ 80 ಮೀಟರ್ ದೂರದ ಹಕ್ಕಿ 10 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. ಎರಡನೆಯ ಸಂಖ್ಯೆಯು ಮುಂದಿನ ಗಾಜಿನ ಅಗಲ. ಅದು ಮಿಲಿಮೀಟರ್ ಲೆಕ್ಕದಲ್ಲಿರುತ್ತದೆ.

ಹಾಗಾದರೆ ಹೆಚ್ಚು ಪಟ್ಟು ಇದ್ದಷ್ಟೂ ಒಳ್ಳೆಯದಲ್ಲವೇ? ಅಲ್ಲ. ಹಕ್ಕಿ ದೊಡ್ಡದಾಗಿ ಕಂಡಂತೆ ನಿಮ್ಮ ಕೈಯ ನಡುಕವೂ ದೊಡ್ಡದಾಗುತ್ತದೆ. ಕಾಣುವ ಜಾಗವೂ ಕಿರಿದಾಗುತ್ತದೆ. ಹಾರುವ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಮರ ಸೇರಿರುತ್ತದೆ. ಮಕ್ಕಳ ಕೈಗೆ ಎಂಟು ಪಟ್ಟು ಸಾಕು. ಕೈಯಲ್ಲಿ ಹಿಡಿಯುವ ಪುಟ್ಟ ದುರ್ಬೀನಿನ ಮೇಲೆ ನೂರು ಪಟ್ಟು ಎಂದು ಬರೆದಿದ್ದರೆ ಅದು ಸುಳ್ಳು.

ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿ ನೋಡಿ. 25ನ್ನು 8ರಿಂದ ಭಾಗಿಸಿದರೆ ಮೂರಕ್ಕೆ ತುಸು ಹೆಚ್ಚು ಬರುತ್ತದೆ. ಅಂದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯು ಮೂರು ಮಿಲಿಮೀಟರ್ ದಪ್ಪ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ಮಾತ್ರ ತೆರೆದಿರುವುದರಿಂದ ಇದು ಸಾಕಾಗುತ್ತದೆ. ಕತ್ತಲಾದಂತೆ ಪಾಪೆ ಅಗಲವಾಗುತ್ತದೆ. ಆಗ 8×42ರಂತಹ ದೊಡ್ಡ ಗಾಜು ಬೇಕು. ಮುಸ್ಸಂಜೆಯಲ್ಲಿ ಕಾಡು ಕಾಯುವವರಿಗೆ ಅದೇ ಸರಿ. ಆದರೆ ಅದು ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಪುಟ್ಟ 8×25 ಸುಮಾರು 300 ಗ್ರಾಂ. ಬೆಟ್ಟ ಹತ್ತುವವನು ಕುತ್ತಿಗೆಗೆ ಯಾವುದನ್ನು ಹಾಕಿಕೊಳ್ಳುತ್ತಾನೆಂದು ನೀವೇ ಹೇಳಿ.

ಹಿಂದೆ ಬೇಟೆಗಾರರೂ ದುರ್ಬೀನನ್ನು ಹಿಡಿಯುತ್ತಿದ್ದರು. ಕೆಲವು ದೇಶಗಳಲ್ಲಿ ಈಗಲೂ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ನಮ್ಮ ಹಕ್ಕಿ ವಿಜ್ಞಾನಿ ಸಲೀಂ ಅಲಿಯವರು ಬಾಲ್ಯದಲ್ಲಿ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದಿದ್ದರು. ಅದರ ಕತ್ತಿನಲ್ಲಿ ಹಳದಿ ಬಣ್ಣವಿತ್ತು. ಅದು ಯಾವ ಹಕ್ಕಿ ಎಂದು ಕೇಳಲು ಹೋದವರು ಹಕ್ಕಿಗಳ ಲೋಕಕ್ಕೇ ಸೇರಿಹೋದರು. ಆ ಹಳದಿಯನ್ನು ಹಕ್ಕಿಯನ್ನು ಕೊಲ್ಲದೆಯೇ ನೋಡಲು ಇಂದು ದುರ್ಬೀನು ಇದೆ.

ಸರಿ, ಅಂಗಡಿಗೆ ಬರೋಣ. ಈ ಸಲ ನಾನು ಕೊಯಮತ್ತೂರಿಗೆ ಹೋದಾಗ ಆ ಇಬ್ಬರು ಮಕ್ಕಳನ್ನೂ, ಅವರ ತಾಯಂದಿರನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ನಕ್ಕರು. ಆದರೆ ಪರೀಕ್ಷೆ ಮಾಡಬೇಕಾದವರು ಅವರೇ ತಾನೆ? ಚಿಕ್ಕವರ ಎರಡು ಕಣ್ಣುಗಳ ನಡುವಿನ ಅಂತರ ದೊಡ್ಡವರಿಗಿಂತ ಕಡಿಮೆ. ದುರ್ಬೀನಿನ ಎರಡು ಕೊಳವೆಗಳು ಅಷ್ಟು ಹತ್ತಿರ ಬರದಿದ್ದರೆ ಒಂದು ಕೆರೆ ಎರಡಾಗುತ್ತದೆ. ನಡುವೆ ಎರಡು ಕೀಲುಗಳಿದ್ದು ಮಡಚಿಕೊಳ್ಳುವ ಪುಟ್ಟ ದುರ್ಬೀನನ್ನು ಹುಡುಗನ ಕೈಗೆ ಕೊಟ್ಟೆವು. ಅವನು ಅದನ್ನು ಮೆಲ್ಲಗೆ ಹತ್ತಿರ ತಂದ. "ಈಗ ಒಂದೇ ದುಂಡಗೆ ಕಾಣ್ತದೆ" ಎಂದ. ಕನ್ನಡಕದ ಹುಡುಗಿಗಾಗಿ ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ಕೆಳಕ್ಕೆ ಮಡಚಿದೆವು. ಕಪ್ಪು ಹೋಯಿತು. ಆಮೇಲೆ ಬೀದಿಯ ಆಚೆಯ ವಿದ್ಯುತ್ ಕಂಬವನ್ನು ನೋಡಿದೆವು. ತಂತಿ ಎರಡಾಗಿ ಕಂಡ ಒಂದು ದುರ್ಬೀನನ್ನು ಅಲ್ಲೇ ಬಿಟ್ಟೆವು. ಕೆಂಪು ಗಾಜಿನದನ್ನು ನಾನು ಮುಟ್ಟಲೇ ಇಲ್ಲ. ಒಳ್ಳೆಯ ಗಾಜಿನ ಲೇಪವನ್ನು ಓರೆಯಾಗಿ ನೋಡಿದರೆ ಹಸಿರು ಅಥವಾ ನೇರಳೆ ಛಾಯೆ ಮಂದವಾಗಿ ಕಾಣುತ್ತದೆ.

ಬಳಸುವುದಕ್ಕೂ ಒಂದು ಕ್ರಮವಿದೆ. ಮೊದಲು ಬಲಗಡೆಯ ಗಾಜನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿಗೆ ಸ್ಪಷ್ಟವಾಗುವಂತೆ ನಡುವಿನ ಚಕ್ರವನ್ನು ತಿರುಗಿಸಬೇಕು. ಅನಂತರ ಎಡಗಡೆಯನ್ನು ಮುಚ್ಚಿ, ಬಲಗಣ್ಣಿನ ಬಳಿಯ ಬಳೆಯನ್ನು ತಿರುಗಿಸಬೇಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ನಡುಕ ಕಡಿಮೆಯಾಗುತ್ತದೆ. ಹಕ್ಕಿಯ ಮೇಲಿಟ್ಟ ನೋಟವನ್ನು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ. ದುರ್ಬೀನಿನಿಂದ ಸೂರ್ಯನನ್ನು ಎಂದಿಗೂ ನೋಡಬಾರದು. ಕ್ಷಣಮಾತ್ರದಲ್ಲಿ ಕಣ್ಣು ಸುಟ್ಟುಹೋಗಬಹುದು. ಅದಕ್ಕಾಗಿ ನಾವು ಬೆಳಿಗ್ಗೆ ಸೂರ್ಯನಿಗೆ ಬೆನ್ನು ಹಾಕಿಯೇ ನಿಲ್ಲುತ್ತೇವೆ.

ಮುಂದಿನ ಜನವರಿಯಲ್ಲಿ ಮತ್ತೆ ಅದೇ ಕೆರೆಗೆ ಹೋದೆವು. ಹುಡುಗ ನಾಮದ ಕೋಳಿಗಳ ಹಣೆಯ ಬಿಳಿ ನಾಮವನ್ನು ಕಂಡು ಕುಣಿದ. ಹುಡುಗಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ, "ಮೇಷ್ಟ್ರೇ, ಆ ಬಾತಿನ ಕೊಕ್ಕು ಕಪ್ಪು. ತುದಿ ಹಳದಿ. ಬುಡದಲ್ಲಿ ಕುಂಕುಮ ಇಟ್ಟ ಹಾಗೆ ಕೆಂಪು" ಎಂದಳು. ಅದು ಚುಕ್ಕೆಕೊಕ್ಕಿನ ಬಾತು. ನಾನೂ ಅದುವರೆಗೆ ಆ ಕೆಂಪನ್ನು ನೋಡಿರಲಿಲ್ಲ. ದುರ್ಬೀನಿಗೆ ಕೈ ಚಾಚಿದೆ. "ಸಾಲಿನಲ್ಲಿ ಬನ್ನಿ ಮೇಷ್ಟ್ರೇ" ಎಂದಳು. ಅವಳ ಹಿಂದೆ ಇನ್ನೂ 24 ಮಕ್ಕಳು ನಿಂತಿದ್ದರು.