ಕಟ್ಟಡ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೇಸ್ತ್ರಿಯ ಮಾರ್ಗದರ್ಶನ ಹಾಗೂ ಫಲಾನುಭವಿ ನೋಂದಣಿ

ಗವಿಪುರಂ, ಗುಟ್ಟಹಳ್ಳಿ ಹಾಗೂ ಕೆಂಪಾಂಬುಧಿ ಕೆರೆಯ ಆಸುಪಾಸಿನಲ್ಲಿ ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟಿಸುವ ಮಾಲೀಕರು, ಮೇಸ್ತ್ರಿಗಳು ಹಾಗೂ ನೋಂದಣಿ ಬಯಸುವ ಕಾರ್ಮಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಗಾರೆ ಕೆಲಸವನ್ನು ಶಾಲೆಯಲ್ಲಿ ಕಲಿತವರು ವಿರಳ. ಸಹಾಯಕರಾಗಿ ಸೇರಿ, ಬಾಂಡ್ಲಿ ಹೊತ್ತು, ಗಾರೆ ಕಲಸಿ, ತರುವಾಯ ಕರಣೆ ಹಿಡಿಯುವುದೇ ರೂಢಿ. ಆದುದರಿಂದ ಮೊದಲ ದಿನಗಳಲ್ಲಿ ಹೊಸಬರ ಕ್ಷೇಮವು ಮೇಸ್ತ್ರಿಯ ವಿವೇಚನೆಯನ್ನೇ ಅವಲಂಬಿಸಿರುತ್ತದೆ.

ದೇಹವು ಬಿಸಿಲಿನ ದುಡಿಮೆಗೆ ಒಗ್ಗಿಕೊಳ್ಳಲು ಸಾಮಾನ್ಯವಾಗಿ 7 ರಿಂದ 14 ದಿನಗಳು ಬೇಕಾಗುತ್ತವೆ. ಹೊಸಬರಿಗೆ ಮೊದಲ ದಿನ ಪೂರ್ಣಾವಧಿಯ ಶೇ. 20ರಷ್ಟು ಮಾತ್ರ ಬಿಸಿಲಿನ ಕೆಲಸ ನೀಡಿ, ಅನಂತರ ದಿನವೊಂದಕ್ಕೆ ಶೇ. 20ನ್ನು ಮೀರದಂತೆ ಹೆಚ್ಚಿಸಬೇಕೆಂದು ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದೆ. 8 ಗಂಟೆಗಳ ದಿನಕ್ಕೆ ಇದು ಸುಮಾರು ಒಂದೂವರೆ ಗಂಟೆ. ಉಳಿದ ಸಮಯದಲ್ಲಿ ನೆರಳಿನಲ್ಲಿ ತೂಗುಗುಂಡು ಹಿಡಿಯುವುದನ್ನು, ಗಾರೆಯ ಹದ ನೋಡುವುದನ್ನು ಕಲಿಸಬಹುದು. ರಾಯಚೂರಿನ ಬಿಸಿಲು ಕಂಡವನಿಗೆ ಬೆಂಗಳೂರಿನ ಬಿಸಿಲೇನು ಎಂಬ ಮಾತು ಕೇಳಿಬರುವುದುಂಟು. ಆದರೆ ಕೆಲವು ವಾರ ದುಡಿಮೆಯಿಂದ ದೂರವಿದ್ದರೆ ಆ ಒಗ್ಗುವಿಕೆ ಉಳಿಯುವುದಿಲ್ಲ. ಹೊಸಬನು ಸಂಕೋಚದಿಂದ ನೀರನ್ನೂ ಕೇಳಲಾರ. "ಕುಳಿತುಕೊಳ್ಳಪ್ಪ, ನೀರು ಕುಡಿ" ಎಂದು ಮೇಸ್ತ್ರಿಯೇ ಹೇಳತಕ್ಕದ್ದು. ಮಾತು ತೊದಲಿದಲ್ಲಿ ಅಥವಾ ನಡಿಗೆ ತಪ್ಪಿದಲ್ಲಿ ಕೂಡಲೇ ನೆರಳಿಗೆ ಕರೆದೊಯ್ದು, ಮೈಮೇಲೆ ನೀರು ಸುರಿದು, 108ಕ್ಕೆ ಕರೆ ಮಾಡಬೇಕು.

ಕಿರಿದಾದ ಅಡ್ಡರಸ್ತೆಗಳಲ್ಲಿ ಲಾರಿ ಬಾಗಿಲವರೆಗೆ ಬಾರದಿದ್ದಲ್ಲಿ 50 ಕೆ.ಜಿ. ಸಿಮೆಂಟ್ ಮೂಟೆಯನ್ನು ಹೊಸಬರೊಬ್ಬರ ಮೇಲೆಯೇ ಹೊರಿಸಬಾರದು. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ. ಆ ಉರಿ ಕೂಡಲೇ ತಿಳಿಯುವುದಿಲ್ಲವಾದ್ದರಿಂದ ತಾಗಿದೊಡನೆ ತೊಳೆಯುವುದನ್ನು ಮೊದಲ ದಿನವೇ ಕಲಿಸಬೇಕು.

ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು 2007ರಲ್ಲಿ ಸ್ಥಾಪನೆಯಾಯಿತು. ನೋಂದಣಿಗೆ 18 ವರ್ಷ ತುಂಬಿರಬೇಕು, 60 ವರ್ಷ ಮೀರಿರಬಾರದು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ತೊಡಕಿರುವುದು ಈ 90 ದಿನಗಳಲ್ಲಿಯೇ. ಮೂರು ಕಡೆ ಮೂವತ್ತು ದಿನಗಳಂತೆ ದುಡಿದು, ಎಲ್ಲಿಯೂ ಲೆಕ್ಕ ಬರೆಸಿಕೊಳ್ಳದಿದ್ದರೆ ಅರ್ಹತೆ ಇದ್ದರೂ ಅದನ್ನು ರುಜುವಾತುಪಡಿಸುವುದು ಕಷ್ಟ. ಮೇಸ್ತ್ರಿಗಳು ಮೊದಲ ದಿನದಿಂದಲೇ ಹಾಜರಿ ಪುಸ್ತಕದಲ್ಲಿ ಹೆಸರು ಬರೆದು, ಕೆಲಸ ಬಿಡುವಾಗ ದಿನಗಳ ಲೆಕ್ಕಕ್ಕೆ ಸಹಿ ಮಾಡಿಕೊಡುವುದು ಅಪೇಕ್ಷಣೀಯ.

ಅರ್ಜಿಯ ಬಗ್ಗೆ ತಮ್ಮ ವೃತ್ತದ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಸಂಪರ್ಕಿಸಬಹುದು.